ಒರೆಗೆ ಹಚ್ಚದ ಉಪಕರಣಗಳು

2025ನೆಯ ಇಸವಿ ನವೆಂಬರ್ 14ನೆಯ ತಾರೀಖಿನ ರಾತ್ರಿ ಶ್ರೀನಗರದ ನೌಗಾಮ್ ಪೊಲೀಸ್ ಠಾಣೆಯಲ್ಲಿ ನಡೆದ ದುರಂತವನ್ನು ನಮ್ಮ ವಾಚಕರು ಮರೆತಿರಲಾರರು. ಅದಕ್ಕೆ ನಾಲ್ಕು ದಿನ ಹಿಂದೆ ದಿಲ್ಲಿಯ ಕೆಂಪುಕೋಟೆಯ ಬಳಿ ಮೋಟಾರು ಕಾರೊಂದು ಸಿಡಿದು ಹತ್ತಕ್ಕಿಂತ ಹೆಚ್ಚು ಜನರ ಪ್ರಾಣವನ್ನು ಹೀರಿತ್ತು. ಆ ಸಂಚಿಗೆ ಸಂಬಂಧಿಸಿ ವಶಪಡಿಸಿಕೊಂಡಿದ್ದ ಸ್ಫೋಟಕ ದ್ರವ್ಯದ ರಾಶಿಯನ್ನು ನೌಗಾಮಿನ ಠಾಣೆಯಲ್ಲಿ ಇರಿಸಲಾಗಿತ್ತು. ಅದರಿಂದ ಪರೀಕ್ಷೆಗೆಂದು ಮಾದರಿಗಳನ್ನು ತೆಗೆಯುತ್ತಿದ್ದಾಗ ರಾಶಿಯು ಅಕಸ್ಮಾತ್ತಾಗಿ ಸಿಡಿದು ಒಂಬತ್ತು ಮಂದಿ ಮೃತರಾದರು. ನ್ಯಾಯವಿಜ್ಞಾನ ಪ್ರಯೋಗಾಲಯದ ಮೂವರು, ಛಾಯಾಚಿತ್ರ ತೆಗೆಯುವವರಿಬ್ಬರು, ಕಂದಾಯ ಇಲಾಖೆಯವರಿಬ್ಬರು, ಒಬ್ಬ ಪೊಲೀಸ್ ಅಧಿಕಾರಿ, ಇವರೊಡನೆ ಒಬ್ಬ ದರ್ಜಿ. ದರ್ಜಿಗೆ ಅಲ್ಲೇನು ಕೆಲಸವೆಂದು ಕೇಳುವವರಿದ್ದಾರು. ಮಾದರಿಗಳನ್ನು ತುಂಬಿ ಮೊಹರು ಮಾಡುವ ಚೀಲಗಳನ್ನು ಹೊಲಿಯಲು ಅವನನ್ನು ಕರೆಯಿಸಿದ್ದರು.

ಈ ಒಂಬತ್ತು ಮಂದಿ ಪ್ರಾಣ ತೆತ್ತುದು ಯಾವುದಕ್ಕಾಗಿ? ತಮ್ಮ ಮುಂದಿರುವ ಪುಡಿಯು ಇಂಥದೇ ಎಂದು, ಊಹೆಯಿಂದಲ್ಲದೆ ಪರೀಕ್ಷೆಯಿಂದ, ನ್ಯಾಯಾಲಯದಲ್ಲಿ ನಿಲ್ಲುವಂತೆ ನಿಶ್ಚಯಿಸುವುದಕ್ಕಾಗಿ. ಭಯೋತ್ಪಾದನೆಯನ್ನು ಎದುರಿಸುವಲ್ಲಿ ವಿಜ್ಞಾನದ ಪಾತ್ರವೇನು ಎಂಬ ಪ್ರಶ್ನೆ ಬಂದಾಗ ನಮಗೆ ಮೊದಲು ನೆನಪಾಗುವವರು ಇವರೇ. ದಿಲ್ಲಿಯಲ್ಲಿ ಸಿಡಿದ ಕಾರನ್ನು ನಡೆಯಿಸುತ್ತಿದ್ದವನು ಯಾರೆಂಬುದು ಗೊತ್ತಾದದ್ದೂ ಇಂಥ ಪ್ರಯೋಗಾಲಯದಲ್ಲಿಯೇ. ಉಳಿದಿದ್ದ ಅವಶೇಷದ ಡಿ.ಎನ್.ಎ.ಯನ್ನು ಅವನ ತಾಯಿಯ ಮಾದರಿಯೊಡನೆ ತಾಳೆ ನೋಡಿ ನಿರ್ಧರಿಸಿದರು.

ಇಂಥ ಹೇಯಕೃತ್ಯಗಳು ನಡೆದಾಗಲೆಲ್ಲ ದೇಶದಲ್ಲಿ ಒಂದು ಕೂಗೇಳುತ್ತದೆ. ಇನ್ನಷ್ಟು ಯಂತ್ರಗಳನ್ನು ತರಿಸಿರಿ, ಬೀದಿಬೀದಿಗೆ ಕ್ಯಾಮೆರಾ ನೆಡಿರಿ, ವಿಜ್ಞಾನದ ಬಲದಿಂದ ಈ ಪಿಡುಗನ್ನು ನಿರ್ಮೂಲ ಮಾಡಿರಿ ಎಂಬ ಮಾತು ಬಹಿರಂಗ ಸಭೆಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಕೇಳಿಬರುತ್ತದೆ. ಈ ಕೂಗನ್ನು ನಾವು ಹಳಿಯುವವರಲ್ಲ. ಜನರ ಜೀವರಕ್ಷಣೆಗೆ ಬೊಕ್ಕಸದ ಹಣವನ್ನು ವೆಚ್ಚಮಾಡುವುದು ಸರಕಾರದ ಮೊದಲ ಧರ್ಮ. ಆದರೆ ಯಂತ್ರವನ್ನು ಕೊಂಡ ಮಾತ್ರಕ್ಕೆ ವಿಜ್ಞಾನವನ್ನೂ ಕೊಂಡಂತಾಯಿತೆಂಬ ಭ್ರಮೆಯು ಅಧಿಕಾರಿವರ್ಗದಲ್ಲಿಯೂ ಜನರಲ್ಲಿಯೂ ಬೇರೂರುತ್ತಿದೆ. ಈ ಭ್ರಮೆಗೆ ತೆತ್ತ ಬೆಲೆ ಎಷ್ಟೆಂಬುದನ್ನು ತಿಳಿಯಲು ನಲವತ್ತು ವರ್ಷ ಹಿಂದೆ ಹೋಗಬೇಕು.

1985ನೆಯ ಇಸವಿ ಜೂನ್ 23ರಂದು ಏರ್ ಇಂಡಿಯಾ ಸಂಸ್ಥೆಯ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಮೇಲೆ, ಮೂವತ್ತೊಂದು ಸಾವಿರ ಅಡಿ ಎತ್ತರದಲ್ಲಿ, ಸಿಡಿದು 329 ಮಂದಿ ಸತ್ತರು. ಬಾಂಬಿದ್ದ ಪೆಟ್ಟಿಗೆಯು ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಹೊರಟು ಟೊರಾಂಟೊದಲ್ಲಿ ಏರ್ ಇಂಡಿಯಾ ವಿಮಾನಕ್ಕೆ ವರ್ಗವಾಗಿತ್ತು. ಪೆಟ್ಟಿಗೆಯನ್ನು ಒಪ್ಪಿಸಿದವನು ತಾನು ಮಾತ್ರ ವಿಮಾನವನ್ನು ಏರಲೇ ಇಲ್ಲ. ಟೊರಾಂಟೊದ ನಿಲ್ದಾಣದಲ್ಲಿ ಆ ದಿನ ಸಾಮಾನುಗಳನ್ನು ನೋಡಲು ಕ್ಷ-ಕಿರಣ ಯಂತ್ರವಿತ್ತು. ಕೆಲಸದ ನಡುವೆ ಅದು ಕೆಟ್ಟು ನಿಂತಿತು. ಉಳಿದ ಸಾಮಾನುಗಳನ್ನು ಕೈಯಲ್ಲಿ ಹಿಡಿಯುವ, ಸ್ಫೋಟಕದ ವಾಸನೆಯನ್ನು ಗುರುತಿಸುವುದೆಂದು ಹೇಳಲಾದ, ಒಂದು ಉಪಕರಣದಿಂದ ನೋಡಿದರು. ಆ ಉಪಕರಣದ ಯೋಗ್ಯತೆ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಕೆನಡಾದ ಪೊಲೀಸರೇ ಅದನ್ನು ಪರೀಕ್ಷಿಸಿ ನೋಡಿದ್ದರು. ಕೋವಿಮದ್ದಿನ ಡಬ್ಬಿಯಿಂದ ಒಂದು ಅಂಗುಲದೊಳಗೆ ಹಿಡಿದ ಹೊರತು ಅದು ಸದ್ದು ಮಾಡಲಿಲ್ಲ. ಹೀಗಿದ್ದೂ ಅದನ್ನೇ ನೆಚ್ಚಿದರು. ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಆ ಅಯೋಗ್ಯ ಉಪಕರಣವೂ ಒಂದು ಚೀಲದ ಬಳಿ ಸಣ್ಣಗೆ ಸದ್ದು ಮಾಡಿತ್ತು. ಸದ್ದಾದರೆ ಏನು ಮಾಡಬೇಕೆಂದು ಅದನ್ನು ಹಿಡಿದವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚೀಲವು ಉಳಿದವುಗಳೊಡನೆ ವಿಮಾನವನ್ನು ಸೇರಿತು.

ಇಷ್ಟನ್ನೆಲ್ಲ ತಪ್ಪಿಸುವುದಕ್ಕೆ ಯಾವ ಯಂತ್ರ ಬೇಕಾಗಿತ್ತು? ಯಾವುದೂ ಬೇಕಾಗಿರಲಿಲ್ಲ. ವಿಮಾನ ಹೊರಡುವ ಮುನ್ನ ಪೆಟ್ಟಿಗೆಗಳ ಪಟ್ಟಿಯನ್ನೂ ಪ್ರಯಾಣಿಕರ ಪಟ್ಟಿಯನ್ನೂ ಎದುರೆದುರು ಇಟ್ಟು, ಒಡೆಯನಿಲ್ಲದ ಪೆಟ್ಟಿಗೆಯನ್ನು ಕೆಳಗಿಳಿಸಿದ್ದರೆ ಸಾಕಾಗಿತ್ತು. ನಮ್ಮ ಕಿರಾಣಿ ಅಂಗಡಿಯ ಗುಮಾಸ್ತೆಯೂ ಮಾಡಬಲ್ಲ ಲೆಕ್ಕವದು. ವ್ಯಾಂಕೂವರಿನಲ್ಲಿ ಆ ಪೆಟ್ಟಿಗೆಯನ್ನು ಮುಂದಿನ ವಿಮಾನಕ್ಕೆ ವರ್ಗಾಯಿಸಲು ಅಲ್ಲಿನ ಗುಮಾಸ್ತೆ ಮೊದಲು ಒಪ್ಪಿರಲಿಲ್ಲ. ಹಿಂದೆ ಜನರ ಸಾಲು ಬೆಳೆಯುತ್ತಿದ್ದಿತು, ಆ ಮನುಷ್ಯ ಹಟ ಹಿಡಿದನು, ಕೊನೆಗೆ ಒಪ್ಪಬೇಕಾಯಿತು.

ಕೆನಡಾದ ಗುಪ್ತಚರ ಸಂಸ್ಥೆಯ ಕಥೆ ಇದಕ್ಕಿಂತ ಲೇಸಾದುದಲ್ಲ. ವಿಮಾನ ಬೀಳುವುದಕ್ಕೆ ಮೂರು ವಾರಗಳ ಹಿಂದೆ ಸಂಶಯಿತರನ್ನು ಹಿಂಬಾಲಿಸಿ ಹೋಗಿದ್ದ ಅದರ ನೌಕರರು ಡಂಕನ್ ಪಟ್ಟಣದ ಸಮೀಪದ ಕಾಡಿನಲ್ಲಿ ಭಾರಿ ಸದ್ದನ್ನು ಕೇಳಿ, ಯಾರೋ ಬಂದೂಕು ಹಾರಿಸಿರಬೇಕೆಂದುಕೊಂಡು ಹಿಂತಿರುಗಿದರು. ಸಂಶಯಿತರ ಟೆಲಿಫೋನ್ ಸಂಭಾಷಣೆಗಳನ್ನು ಮುದ್ರಿಸಿಕೊಂಡ ಸುರುಳಿಗಳಲ್ಲಿ ಬಹುಭಾಗವನ್ನು ದುರಂತದ ಅನಂತರವೂ ಅಳಿಸಿಹಾಕಿದರು. ಕೇಳುವ ಯಂತ್ರ ಕೇಳಿತ್ತು. ಕೇಳಿಸಿಕೊಂಡುದನ್ನು ಕಾಪಾಡುವ ಮನುಷ್ಯನಿರಲಿಲ್ಲ. ಇಬ್ಬರು ಮುಖ್ಯ ಆರೋಪಿಗಳು ಇಪ್ಪತ್ತು ವರ್ಷಗಳ ಬಳಿಕ, 2005ರಲ್ಲಿ, ಸಾಕ್ಷ್ಯ ಸಾಲದೆ ಬಿಡುಗಡೆಯಾದರು.

ಈ ಸಂಚಿನಲ್ಲಿ ಒಬ್ಬನಿಗಾದರೂ ಶಿಕ್ಷೆಯಾಯಿತಲ್ಲ, ಅದು ಹೇಗೆಂಬುದನ್ನು ವಾಚಕರು ಗಮನಿಸಬೇಕು. ಕನಿಷ್ಕ ಸಿಡಿಯುವುದಕ್ಕೆ ಒಂದು ಗಂಟೆಯೊಳಗೆ ಜಪಾನಿನ ನರೀಟಾ ವಿಮಾನನಿಲ್ದಾಣದಲ್ಲಿ, ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಹೋಗಬೇಕಾಗಿದ್ದ ಪೆಟ್ಟಿಗೆಯೊಂದು ಸಿಡಿದು ಸಾಮಾನು ಹೊರುವ ಇಬ್ಬರು ಸತ್ತಿದ್ದರು. ಜಪಾನಿನ ತಜ್ಞರು ಆ ಕೋಣೆಯ ಕಸವನ್ನೆಲ್ಲ ಗುಡಿಸಿ, ಜರಡಿ ಹಿಡಿದು, ಚೂರಿಗೆ ಚೂರು ಜೋಡಿಸಿ, ಬಾಂಬನ್ನು ಅಡಗಿಸಿದ್ದುದು ಸ್ಯಾನ್ಯೋ ಕಂಪೆನಿಯ ಇಂಥ ಮಾದರಿಯ ರೇಡಿಯೋದಲ್ಲಿ ಎಂದು ತೋರಿಸಿಕೊಟ್ಟರು. ಅದೇ ಮಾದರಿಯ ರೇಡಿಯೋವನ್ನು ಡಂಕನ್ ಪಟ್ಟಣದ ಅಂಗಡಿಯೊಂದರಲ್ಲಿ ಕೊಂಡಿದ್ದವನು ಇಂದ್ರಜಿತ್ ಸಿಂಗ್ ರೇಯತ್. 1991ರಲ್ಲಿ ಅವನಿಗೆ ಹತ್ತು ವರ್ಷಗಳ ಕಾರಾಗೃಹವಾಯಿತು. ಬೆರಳ ತುದಿಯಲ್ಲಿ ಹಿಡಿಯಬಹುದಾದ ಲೋಹದ ಚೂರುಗಳು, ಅವುಗಳ ಮುಂದೆ ತಿಂಗಳುಗಟ್ಟಲೆ ಬಗ್ಗಿ ಕುಳಿತ ಕೆಲವು ಜನ, ಒಂದು ಅಂಗಡಿಯ ರಸೀದಿ. ನಾವು ವಿಜ್ಞಾನವೆನ್ನುವುದು ಇದನ್ನು.

ಇದಕ್ಕೆ ಎದುರಾದ ಚಿತ್ರವನ್ನು ಇರಾಕ್ ದೇಶವು ಒದಗಿಸುತ್ತದೆ. ಅಲ್ಲಿ ದಿನಬೆಳಗಾದರೆ ಬಾಂಬು ಸಿಡಿಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬ ವ್ಯಾಪಾರಿ ‘ಎ.ಡಿ.ಇ. 651’ ಎಂಬ ಉಪಕರಣವನ್ನು ಅಲ್ಲಿನ ಸರಕಾರಕ್ಕೆ ಮಾರಿದನು. ಕೈಹಿಡಿಕೆಯ ತುದಿಗೆ ತಿರುಗುವ ಒಂದು ಸರಳು, ಅಷ್ಟೆ. ಸ್ಫೋಟಕವಿದ್ದ ಕಡೆಗೆ ಸರಳು ತಾನಾಗಿ ತಿರುಗುವುದಂತೆ. ಗೋಡೆಯಾಚೆಯದನ್ನೂ ನೀರಿನಡಿಯದನ್ನೂ ತೋರಿಸುವುದಂತೆ. ಅದಕ್ಕೆ ವಿದ್ಯುತ್ಕೋಶವಿರಲಿಲ್ಲ. ಹಿಡಿದವನು ನಿಂತಲ್ಲೇ ಕಾಲು ಉಜ್ಜಿದರೆ ಮೈಯಲ್ಲಿ ಹುಟ್ಟುವ ವಿದ್ಯುತ್ತೇ ಅದಕ್ಕೆ ಸಾಕೆಂದು ಹೇಳಿದ್ದರು. ಗಾಲ್ಫ್ ಆಟದಲ್ಲಿ ಕಳೆದುಹೋದ ಚೆಂಡನ್ನು ಹುಡುಕಲೆಂದು ಇಪ್ಪತ್ತು ಡಾಲರಿಗೂ ಕಡಿಮೆ ಬೆಲೆಗೆ ಮಾರುತ್ತಿದ್ದ ಆಟಿಕೆಯೊಂದು ಇದರ ಮೂಲರೂಪ. ಒಳಗಿನ ಚೀಟಿಯನ್ನು ಬಿಚ್ಚಿಸಿ ನೋಡಿದಾಗ ಅದರಲ್ಲಿದ್ದುದು ಅಂಗಡಿಗಳಲ್ಲಿ ಕಳವು ತಡೆಯಲು ಸರಕಿಗೆ ಅಂಟಿಸುವ ತುಣುಕು ಮಾತ್ರ. ಇಂಥ ಒಂದೊಂದಕ್ಕೆ ಸಾವಿರಾರು ಡಾಲರುಗಳನ್ನು ಕೊಟ್ಟು ಬಾಗ್ದಾದಿನ ತನಿಖಾ ಠಾಣೆಗಳಲ್ಲೆಲ್ಲ ಇಟ್ಟರು. ಸೈನಿಕರು ಅದನ್ನು ಹಿಡಿದು ಕಾರುಗಳ ಪಕ್ಕದಲ್ಲಿ ನಡೆದರು. ಬಾಂಬು ತುಂಬಿದ ಬಂಡಿಗಳು ಅವರನ್ನು ದಾಟಿ ಊರೊಳಗೆ ಹೋದವು. 2009ನೆಯ ಅಕ್ಟೋಬರಿನಲ್ಲಿ ಸರಕಾರಿ ಕಚೇರಿಗಳ ಬಳಿ ನಡೆದ ಒಂದೇ ದಾಳಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು.

ಮೆಕಾರ್ಮಿಕನಿಗೆ 2013ರಲ್ಲಿ ಲಂಡನ್ನಿನ ನ್ಯಾಯಾಲಯವು ಹತ್ತು ವರ್ಷ ಸಜೆ ವಿಧಿಸಿತು. ಅಲ್ಲಿಗೆ ಮುಗಿಯಿತೆಂದು ವಾಚಕರು ಭಾವಿಸಬಹುದು, ಮುಗಿಯಲಿಲ್ಲ. ಮಾರಿದವನು ಸೆರೆಮನೆಯಲ್ಲಿದ್ದಾಗಲೂ ಮಾರಿದ ವಸ್ತು ಬಾಗ್ದಾದಿನ ಬೀದಿಗಳಲ್ಲಿ ಕೆಲಸ ಮಾಡುತ್ತಲೇ ಇತ್ತು. 2016ನೆಯ ಜುಲೈ 3ರಂದು ಕರ್ರಾದಾ ಪೇಟೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸುಟ್ಟು ಸತ್ತ ಮೇಲೆಯೇ ಅಲ್ಲಿನ ಪ್ರಧಾನಮಂತ್ರಿಯು ಆ ಸರಳುಗಳನ್ನು ಕೆಳಗಿಡುವಂತೆ ಆಜ್ಞೆ ಮಾಡಿದುದು.

ಅರಬರ ಮೌಢ್ಯವೆಂದು ನಗುವವರು ನಮ್ಮ ಹಳ್ಳಿಗಳ ಕಡೆಗೊಮ್ಮೆ ನೋಡಲಿ. ಕೊಳವೆ ಬಾವಿ ತೋಡುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿಯನ್ನಿಟ್ಟುಕೊಂಡೋ ಕವಲುಕಡ್ಡಿಯನ್ನು ಹಿಡಿದೋ ಹೊಲವೆಲ್ಲ ಸುತ್ತುವ ನೀರು ನೋಡುವವರನ್ನು ನಾವೆಲ್ಲ ಕಂಡಿದ್ದೇವೆ. ಕಾಯಿ ಎದ್ದು ನಿಂತ ಕಡೆ ನೀರು. ಅವರಲ್ಲಿ ಎಲ್ಲರೂ ವಂಚಕರಲ್ಲ. ಮನಸ್ಸಿನಲ್ಲಿ ಮೂಡಿದ ನಿರೀಕ್ಷೆಯು ಕೈಗೆ ಇಳಿದು, ಕೈ ತನಗೆ ತಿಳಿಯದಂತೆಯೇ ಅಲುಗುತ್ತದೆ. ಹಿಡಿದವನು ಅದನ್ನು ಕಾಯಿಯ ಶಕ್ತಿಯೆಂದು ಮನಃಪೂರ್ವಕವಾಗಿ ನಂಬುತ್ತಾನೆ. ಬಾಗ್ದಾದಿನ ಸೈನಿಕನ ಕೈಯಲ್ಲಿ ನಡೆದುದೂ ಇದೇ. ಹೊಲದಲ್ಲಾದರೆ ನಷ್ಟ ಕೊರೆಯುವ ಕೂಲಿಯಷ್ಟೆ. ಅದೂ ಬಡ ಒಕ್ಕಲಿಗನಿಗೆ ಸಣ್ಣದಲ್ಲವೆನ್ನಿ. ಥಾಯ್ಲೆಂಡ್ ದೇಶವು ಇಂಥದೇ ‘ಜಿ.ಟಿ. 200’ ಎಂಬ ಉಪಕರಣವನ್ನು ತನ್ನ ದಕ್ಷಿಣ ಪ್ರಾಂತಗಳ ಸೈನಿಕರಿಗೆ ಕೊಟ್ಟಿತ್ತು. ಸರಳು ತಿರುಗಿ ನಿಂತ ಕಡೆ ಇದ್ದವರನ್ನು ಹಿಡಿದು ಸೆರೆಯಲ್ಲಿಟ್ಟ ಉದಾಹರಣೆಗಳೂ ನಡೆದವು. ಕೊನೆಗೆ 2010ರಲ್ಲಿ ಅಲ್ಲಿನ ವಿಜ್ಞಾನ ಇಲಾಖೆಯವರು ನಾಲ್ಕು ಪೆಟ್ಟಿಗೆಗಳಲ್ಲೊಂದರಲ್ಲಿ ಸ್ಫೋಟಕವನ್ನು ಅಡಗಿಸಿ ಇಪ್ಪತ್ತು ಸಲ ಹುಡುಕಿಸಿದರು. ನಾಲ್ಕು ಸಲ ಸಿಕ್ಕಿತು. ಕಣ್ಣುಮುಚ್ಚಿ ಬೆರಳು ತೋರಿಸಿದ್ದರೆ ಐದು ಸಲ ಸಿಗುತ್ತಿತ್ತು!

ಒಂದು ಮಧ್ಯಾಹ್ನ, ನಾಲ್ಕು ಪೆಟ್ಟಿಗೆ, ಪೆಟ್ಟಿಗೆಯಲ್ಲೇನಿದೆಯೆಂದು ತಿಳಿಯದ ಒಬ್ಬ ಪರೀಕ್ಷಕ. ಇಷ್ಟರಿಂದ ಬಯಲಾಗುವ ಮೋಸವು ವರ್ಷಗಟ್ಟಲೆ ನಡೆದುದಕ್ಕೆ ಕಾರಣವೇನು? ಕೊಳ್ಳುವವರು ಪರೀಕ್ಷೆಯನ್ನು ಬೇಡಲಿಲ್ಲ. ಕೆಲವರು ಲಂಚ ತಿಂದಿದ್ದರು. ಉಳಿದವರಿಗೆ, ತಾವು ಕೊಂಡುದು ಕೆಲಸಕ್ಕೆ ಬಾರದೆಂದು ಒಪ್ಪಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಸುಲಭವಾಗಿತ್ತು.

ನಮ್ಮ ನಾಡಿನ ಅನುಭವವನ್ನೂ ಇಲ್ಲಿ ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಆರೋಪಿಗೆ ಔಷಧವನ್ನು ಚುಚ್ಚಿ, ಅರೆಮಂಪರಿನಲ್ಲಿ ಮಾತನಾಡಿಸಿ ನಿಜವನ್ನು ಹೊರಗೆಡಹುವ ಮಂಪರು ಪರೀಕ್ಷೆಗೆ ಬೆಂಗಳೂರು ದೇಶದಲ್ಲೆಲ್ಲ ಹೆಸರಾಗಿತ್ತು. ಬೇರೆ ಬೇರೆ ಪ್ರಾಂತಗಳ ಪೊಲೀಸರು ತಮ್ಮ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಪತ್ರಿಕೆಗಳೂ, ನಾವೆಲ್ಲ ಸೇರಿಯೇ, ಅದನ್ನು ವಿಜ್ಞಾನದ ವಿಜಯವೆಂದು ಬಣ್ಣಿಸಿದೆವು. ಆದರೆ ಮಂಪರಿನಲ್ಲಿರುವವನು ನಿಜವನ್ನೇ ಆಡುತ್ತಾನೆಂಬುದಕ್ಕೆ ಆಧಾರವೇನು? ಅವನು ಕನಸನ್ನೂ ಆಡಬಹುದು. ಕೇಳುವವನು ಸೂಚಿಸಿದುದನ್ನು ತಿರುಗಿ ಒಪ್ಪಿಸಬಹುದು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ 2010ನೆಯ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ಮನುಷ್ಯನ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ಮಾಡುವುದು ಸಂವಿಧಾನದ ಇಪ್ಪತ್ತನೆಯ ಮತ್ತು ಇಪ್ಪತ್ತೊಂದನೆಯ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ರಾಜ್ಯದ ಹೆಸರನ್ನು ಹೊತ್ತ ಆ ತೀರ್ಪನ್ನು ನಮ್ಮ ಅಧಿಕಾರಿಗಳು ಆಗಾಗ ಓದಿಕೊಳ್ಳುವುದು ಮೇಲು.

ಈಗ ಮುಖವನ್ನು ನೋಡಿ ಮನುಷ್ಯನನ್ನು ಗುರುತಿಸುವ ಯಂತ್ರಗಳ ಕಾಲ ಬಂದಿದೆ. ಇವು ಬಾಗ್ದಾದಿನ ಸರಳಿನಂತಲ್ಲ, ನಿಜವಾಗಿ ಕೆಲಸಮಾಡುತ್ತವೆ. ಆದರೂ ಒಂದು ಲೆಕ್ಕವನ್ನು ಹಾಕಿ ನೋಡೋಣ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಹೇಳುವ ಯಂತ್ರವೊಂದನ್ನು ದೊಡ್ಡದೊಂದು ರೈಲು ನಿಲ್ದಾಣದ ಬಾಗಿಲಲ್ಲಿ ಇಟ್ಟೆವೆನ್ನಿ. ದಿನಕ್ಕೆ ಲಕ್ಷ ಜನ ಒಳಗೆ ಹೋಗುತ್ತಾರೆ, ಅವರಲ್ಲೊಬ್ಬನು ಪಾತಕಿ. ಯಂತ್ರವು ಅವನನ್ನು ಬಹುಶಃ ಹಿಡಿದೀತು. ಆದರೆ ಅವನೊಡನೆ ಸುಮಾರು ಒಂದು ಸಾವಿರ ನಿರಪರಾಧಿಗಳನ್ನೂ ನಿಲ್ಲಿಸೀತು. ಯಂತ್ರ ಹೆಸರಿಸಿದವನೇ ತಪ್ಪಿತಸ್ಥನೆಂದು ತಿಳಿಯುವ ಠಾಣಾಧಿಕಾರಿಯು ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸಲ ಅನ್ಯಾಯ ಮಾಡುತ್ತಾನೆ. ಯಂತ್ರವನ್ನು ಸುಳಿವು ಕೊಡುವ ಆಳಾಗಿ ಇಟ್ಟುಕೊಳ್ಳಬಹುದು. ಸಾಕ್ಷಿಯ ಕಟ್ಟೆಗೆ ಏರಿಸಲಾಗದು. ಈ ಅಂಕಗಣಿತವನ್ನು ಪೊಲೀಸ್ ತರಬೇತಿ ಶಾಲೆಗಳಲ್ಲಿ ಮೊದಲ ಪಾಠವಾಗಿ ಕಲಿಸಲಿ.

ಇನ್ನು ನಮ್ಮ ರೈಲು ನಿಲ್ದಾಣ, ದೇವಾಲಯ, ಮಾರುಕಟ್ಟೆಗಳ ಬಾಗಿಲುಗಳಲ್ಲಿ ನಿಂತಿರುವ ಲೋಹಶೋಧಕ ಚೌಕಟ್ಟುಗಳ ಮಾತು. ಒಳಗೆ ಹೋಗುವ ಪ್ರತಿಯೊಬ್ಬನಿಗೂ ಅವು ಕೂಗುತ್ತವೆ. ಪಕ್ಕದಲ್ಲಿ ಕುಳಿತ ಪೇದೆಯು ತಲೆಯೆತ್ತುವುದಿಲ್ಲ. ತಪ್ಪು ಅವನದಲ್ಲ, ಎಲ್ಲರಿಗೂ ಕೂಗುವ ಯಂತ್ರವು ಯಾರಿಗೂ ಕೂಗಿದಂತಲ್ಲ. ಟೊರಾಂಟೊದಲ್ಲಿ ಚೀಲದ ಬಳಿ ಆದ ಸದ್ದನ್ನು ನೆನೆದುಕೊಂಡವರಿಗೆ ಈ ಬಾಗಿಲುಗಳನ್ನು ದಾಟುವಾಗ ಮೈ ಜುಮ್ಮೆನ್ನಬೇಕು.

ನಮ್ಮವರಿಂದ ಒಳ್ಳೆಯ ಕೆಲಸ ಆಗುತ್ತಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. 2024ನೆಯ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದು ಊಟಕ್ಕೆ ಬಂದ ಹಲವರು ಗಾಯಗೊಂಡಾಗ, ತನಿಖೆಯವರು ಕ್ಯಾಮೆರಾಗಳು ಹಿಡಿದ ಚಿತ್ರಗಳನ್ನು ಒಂದಕ್ಕೊಂದು ಪೋಣಿಸುತ್ತ ನಡೆದು, ಏಪ್ರಿಲ್ 12ರಂದು ದೂರದ ಪಶ್ಚಿಮ ಬಂಗಾಳದಲ್ಲಿ ಇಬ್ಬರು ಆರೋಪಿಗಳನ್ನು ಬಂಧಿಸಿದರು. ಆ ಆರು ವಾರಗಳಲ್ಲಿ ಎಷ್ಟು ಕಣ್ಣುಗಳು ಎಷ್ಟು ರಾತ್ರಿ ಆ ಚಿತ್ರಗಳ ಮುಂದೆ ಎಚ್ಚರವಿದ್ದವೋ! 2023ನೆಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಮಿಕ್ಕ ಶಿಕ್ಷೆಗೆ ಅರ್ಹವಾದ ಅಪರಾಧ ನಡೆದ ಸ್ಥಳಕ್ಕೆ ನ್ಯಾಯವಿಜ್ಞಾನದ ತಜ್ಞನು ಹೋಗಲೇಬೇಕೆಂದು ವಿಧಿಸಿ, ಅದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶ ಕೊಟ್ಟಿದೆ. ಧಾರವಾಡದಲ್ಲಿ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯದ ಶಾಖೆಯೂ ತಲೆಯೆತ್ತಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕಾನೂನು ಕರೆಯುವ ತಜ್ಞನು ಹುಟ್ಟಬೇಕಾದದ್ದು ಪಾಠಶಾಲೆಯಲ್ಲಿ, ಬಾಳಬೇಕಾದದ್ದು ಸಂಬಳದಿಂದ. ಕ್ಯಾಮೆರಾ ಕೊಳ್ಳಲು ಸಿಗುವ ಹಣವು ಪ್ರಯೋಗಾಲಯದ ಖಾಲಿ ಹುದ್ದೆಯನ್ನು ತುಂಬಲು ಸಿಗದೆಹೋದರೆ ಆ ಕಲಮು ಕಾಗದದ ಮೇಲೆ ಉಳಿಯುತ್ತದೆ.

ಸರಕಾರದವರಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಜನರ ರಕ್ಷಣೆಗೆಂದು ಕೊಳ್ಳುವ ಯಾವ ಉಪಕರಣವನ್ನೇ ಆಗಲಿ, ಹಣ ಸಲ್ಲಿಸುವ ಮುನ್ನ, ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವರು ಕುರುಡು ಪರೀಕ್ಷೆಗೆ ಒಳಪಡಿಸಬೇಕು. ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಇಟ್ಟವನ ಹೊರತು ಮತ್ತಾರಿಗೂ ತಿಳಿದಿರಕೂಡದು. ಇಟ್ಟವನು ಆ ಕೋಣೆಯಲ್ಲಿಯೇ ಇರಕೂಡದು. ಇದಕ್ಕೆ ತಕ್ಕ ಪಂಡಿತರು ಬೆಂಗಳೂರಿನಲ್ಲಿಯೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಈ ಕೆಲಸದ ಗುರುತ್ವವನ್ನು ಹೊರಗಿನವರು ತಿಳಿಸಬೇಕಾದುದಿಲ್ಲ. 2005ನೆಯ ಡಿಸೆಂಬರ್ 28ರ ಸಂಜೆ ಅವರ ಅಂಗಳದಲ್ಲಿಯೇ, ಸಮ್ಮೇಳನವೊಂದಕ್ಕೆ ದಿಲ್ಲಿಯಿಂದ ಬಂದಿದ್ದ ಗಣಿತಜ್ಞ ಪ್ರೊಫೆಸರ್ ಎಂ. ಸಿ. ಪುರಿಯವರು ಗುಂಡಿಗೆ ಬಲಿಯಾದರು.

ಪರೀಕ್ಷೆಯ ಫಲವನ್ನು ಪ್ರಕಟಿಸಿದರೆ ಶತ್ರುವಿಗೆ ನಮ್ಮ ಗುಟ್ಟು ತಿಳಿದೀತೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ಯಂತ್ರದ ಅಂತರಂಗವನ್ನು ಪ್ರಕಟಿಸಿರೆಂದು ನಾವು ಕೇಳುತ್ತಿಲ್ಲ. ಪರೀಕ್ಷೆ ನಡೆಯಿತೇ, ಯಾರು ನಡೆಸಿದರು, ಉಪಕರಣ ತೇರ್ಗಡೆಯಾಯಿತೇ ಎಂಬಷ್ಟನ್ನು ಶಾಸನಸಭೆಯ ಮುಂದಿಡಲಿ. ಬಾಗ್ದಾದಿನ ಸರಳು ನಿರರ್ಥಕವೆಂಬುದು ಬಾಂಬು ಸಾಗಿಸುವವರಿಗೆ ಪ್ರತಿದಿನವೂ ಮನದಟ್ಟಾಗುತ್ತಿತ್ತು. ತಿಳಿಯದಿದ್ದುದು ಅದನ್ನು ನೆಚ್ಚಿ ಪೇಟೆಗೆ ಹೋದ ತಾಯಂದಿರಿಗೆ.

ನೌಗಾಮಿನ ವಿಷಯದಲ್ಲಿಯೂ ಒಂದು ಮಾತು ಬಾಕಿಯಿದೆ. ಜನವಸತಿಯ ನಡುವಣ ಠಾಣೆಯಲ್ಲಿ ಅಷ್ಟು ಸ್ಫೋಟಕವನ್ನು ರಾಶಿ ಹಾಕಿ, ಅಲ್ಲಿಯೇ ಮಾದರಿ ತೆಗೆಯಬೇಕಾಗಿ ಬಂದುದೇಕೆ? ವಶವಾದ ಸ್ಫೋಟಕಗಳನ್ನು ಊರ ಹೊರಗೆ ಸಣ್ಣ ಸಣ್ಣ ಪಾಲುಗಳಾಗಿ ಇಡುವ ಕೋಠಿಗಳು ನಮ್ಮ ರಾಜ್ಯದ ಪ್ರತಿ ಜಿಲ್ಲೆಯಲ್ಲಿಯೂ ಇವೆಯೇ? ಇಲ್ಲದ ಜಿಲ್ಲೆಗಳು ಯಾವುವು? ಮಾದರಿ ತೆಗೆಯುವವರಿಗೆ ಯಾವ ರಕ್ಷಾಕವಚ ಕೊಡಲಾಗಿದೆ? ಬರುವ ಅಧಿವೇಶನದಲ್ಲಿ ನಮ್ಮ ಪ್ರತಿನಿಧಿಗಳಲ್ಲೊಬ್ಬರಾದರೂ ಈ ಪ್ರಶ್ನೆಯನ್ನೆತ್ತಿ, ಗೃಹಮಂತ್ರಿಗಳಿಂದ ಜಿಲ್ಲಾವಾರು ಉತ್ತರವನ್ನು ಲಿಖಿತವಾಗಿ ಪಡೆಯಲಿ.